ಕೊಟ್ಟಿಗೆಯ ಹೊಗೆಯಿಂದ ಸೊಳ್ಳೆ ಹೋಗುತ್ತದೆಯೇ? ನೀವೇ ಎಣಿಸಿ ನೋಡಿ



ಮಳೆಗಾಲದಲ್ಲಿ ಸಂಜೆ ಹಾಲು ಕರೆಯಲು ಕೂತರೆ ಹಸುವಿನ ಬಾಲ ಒಂದು ಸಲವಾದರೂ ಮುಖಕ್ಕೆ ಬಡಿಯದೆ ಇರುವುದಿಲ್ಲ. ಹಸು ಕಾಲು ಝಾಡಿಸುತ್ತದೆ, ಬಕೆಟ್ ಉರುಳುತ್ತದೆ, ಹಾಲು ಪೂರ್ತಿ ಇಳಿಸುವುದಿಲ್ಲ. ಸೊಳ್ಳೆ, ನೊಣ ಓಡಿಸಲು ನಾವು ಮಾಡದ ಉಪಾಯವಿಲ್ಲ. ಬೇವಿನ ಸೊಪ್ಪಿನ ಹೊಗೆ, ಲಕ್ಕಿ ಸೊಪ್ಪಿನ ಹೊಗೆ, ಸೊಳ್ಳೆ ಬತ್ತಿ, ಬೇವಿನೆಣ್ಣೆ, ಅಂಗಡಿಯವರು ಕೊಟ್ಟ ದ್ರಾವಣ ಎಲ್ಲವೂ ಆಯಿತು. ಇವುಗಳಲ್ಲಿ ನಿಮ್ಮ ಕೊಟ್ಟಿಗೆಯಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಏನೋ ಸ್ವಲ್ಪ ಕಮ್ಮಿ ಆದ ಹಾಗಿದೆ."

ಈ "ಆದ ಹಾಗಿದೆ" ಎಂಬುದನ್ನು ನಂಬಿ ದುಡ್ಡು ಖರ್ಚು ಮಾಡಬೇಡಿ. ಕಾಗದ, ಪೆನ್ಸಿಲ್, ಗಡಿಯಾರ ಇದ್ದರೆ ಒಂದೆರಡು ವಾರದಲ್ಲಿ ನೀವೇ ಪರೀಕ್ಷೆ ಮಾಡಬಹುದು.

ಮೊದಲು ಕಚ್ಚುತ್ತಿರುವುದು ಯಾವುದು ಎಂದು ತಿಳಿಯಬೇಕು. ಸೊಳ್ಳೆ ಬರುವುದು ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಗುಂಗುರು ಹುಳಗಳೂ ಮುಸ್ಸಂಜೆಗೇ ಬರುತ್ತವೆ. ಇವು ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನೊಳಗೂ ನುಸುಳುತ್ತವೆ. ಹಗಲಲ್ಲಿ ಹಸುವಿನ ಕಾಲಿಗೆ ಮುತ್ತುವುದು ಕೊಟ್ಟಿಗೆ ನೊಣ. ನೋಡಲು ಮನೆಯ ನೊಣದಂತೆಯೇ ಇದ್ದರೂ ಇದರ ಬಾಯಿಯಿಂದ ಸೂಜಿಯಂಥ ಕೊಂಡಿ ಮುಂದಕ್ಕೆ ಚಾಚಿರುತ್ತದೆ. ಸೊಳ್ಳೆಗಳಲ್ಲಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ. ಕೊಟ್ಟಿಗೆ ನೊಣದಲ್ಲಿ ಗಂಡೂ ಹೀರುತ್ತದೆ, ಹೆಣ್ಣೂ ಹೀರುತ್ತದೆ. ಸಂಜೆ ಆರು ಗಂಟೆಗೆ ಹಾಕಿದ ಹೊಗೆ ಮಧ್ಯಾಹ್ನದ ನೊಣವನ್ನು ತಡೆಯಲಿಲ್ಲ ಎಂದು ಬೇವನ್ನು ಬೈದರೆ ನ್ಯಾಯವಲ್ಲ.

ಇದು ಬರೀ ಕಿರಿಕಿರಿಯ ವಿಷಯವೂ ಅಲ್ಲ. 2022ರಲ್ಲಿ ನಮ್ಮ ರಾಜ್ಯದ ಕೊಟ್ಟಿಗೆಗಳನ್ನು ಖಾಲಿ ಮಾಡಿದ ಚರ್ಮಗಂಟು ರೋಗವನ್ನು ಹಸುವಿನಿಂದ ಹಸುವಿಗೆ ಮುಖ್ಯವಾಗಿ ಹೊತ್ತೊಯ್ಯುವುದು ಕಚ್ಚುವ ನೊಣ ಮತ್ತು ಸೊಳ್ಳೆಗಳು. ಮೂರು ದಿನದ ಜ್ವರವೂ ಹರಡುವುದು ಸೊಳ್ಳೆ ಮತ್ತು ಗುಂಗುರುಗಳಿಂದಲೇ. ಹೊಗೆ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಚರ್ಮಗಂಟಿನ ಲಸಿಕೆಯನ್ನು ಮಾತ್ರ ಬಿಡಬೇಡಿ.

ಇನ್ನು ಪರೀಕ್ಷೆ. ಸಂಶೋಧಕರು ಸೊಳ್ಳೆ ಎಣಿಸಲು ತಮ್ಮದೇ ಕಾಲನ್ನು ಬಿಟ್ಟು ಕೂರುವುದುಂಟು. ನಾವು ಅದನ್ನು ಮಾಡುವುದು ಬೇಡ, ಡೆಂಗಿ ಬಂದರೆ ಯಾರು ನೋಡಿಕೊಳ್ಳುತ್ತಾರೆ? ನಮಗೆ ಹಸುವೇ ಹೇಳುತ್ತದೆ. ಒಂದು ಹಸುವನ್ನು ಆರಿಸಿ. ದಿನವೂ ಅದೇ ಹಸು, ಅದೇ ಜಾಗ, ಅದೇ ಹೊತ್ತು ಇರಬೇಕು, ಏಕೆಂದರೆ ಒಂದೊಂದು ಹಸುವಿಗೆ ಮುತ್ತುವ ಹುಳಗಳ ಲೆಕ್ಕ ಒಂದೊಂದು ಥರ. ಎರಡು ನಿಮಿಷದಲ್ಲಿ ಅದು ಎಷ್ಟು ಸಲ ಬಾಲ ಬೀಸಿತು, ಎಷ್ಟು ಸಲ ಕಾಲು ಝಾಡಿಸಿತು ಎಂದು ಎಣಿಸಿ ಬರೆಯಿರಿ. ಹಗಲಿನ ನೊಣಕ್ಕಾದರೆ ಒಂದು ಮುಂಗಾಲಿನ ಹೊರಬದಿಯಲ್ಲಿ, ಇನ್ನೊಂದರ ಒಳಬದಿಯಲ್ಲಿ ಕೂತ ನೊಣಗಳನ್ನೇ ಎಣಿಸಿ. ಒಂದು ಕಾಲಿಗೆ ಸರಾಸರಿ ಐದು ನೊಣ ದಾಟಿದರೆ ನಷ್ಟ ಶುರುವಾಯಿತು ಎಂಬುದು ಜಾನುವಾರು ಕೀಟತಜ್ಞರು ಬಳಸುವ ಅಂದಾಜು.

ಮುಖ್ಯವಾದ ಮಾತು ಈಗ ಬರುತ್ತದೆ. ಹೊಗೆ ಹಾಕಿದ ದಿನ ಮಾತ್ರ ಎಣಿಸಿದರೆ ಏನೂ ತಿಳಿಯುವುದಿಲ್ಲ. ಹಾಕದ ದಿನವೂ ಎಣಿಸಬೇಕು. ನಿನ್ನೆ ಹಾಕಲಿಲ್ಲ, ಸೊಳ್ಳೆ ಇತ್ತು; ಇವತ್ತು ಹಾಕಿದೆ, ಸೊಳ್ಳೆ ಇಲ್ಲ ಎಂದರೆ ಅದು ಹೊಗೆಯ ಗುಣವೋ ಇವತ್ತಿನ ಗಾಳಿಯ ಗುಣವೋ? ಗಾಳಿ ಜೋರಾದರೆ ಸೊಳ್ಳೆ ತಾನಾಗಿಯೇ ಕಮ್ಮಿಯಾಗುತ್ತದೆ. ಅದಕ್ಕೆ ಕನಿಷ್ಠ ಹತ್ತು ಸಂಜೆ ಬೇಕು: ಐದು ಹಾಕಿ, ಐದು ಹಾಕದೆ. ಯಾವ ದಿನ ಹಾಕುವುದು ಎಂದು ನೀವು ತೀರ್ಮಾನಿಸಬೇಡಿ, ಬೆಳಿಗ್ಗೆಯೇ ಐದರ ಹತ್ತು ಚೀಟಿ ಡಬ್ಬಿಯಿಂದ ಒಂದು ಎತ್ತಿ. ಸೊಳ್ಳೆ ಜಾಸ್ತಿ ಕಂಡ ದಿನವೇ ಹೊಗೆ ಹಾಕುವ ಅಭ್ಯಾಸ ನಮ್ಮದು. ಹಾಗೆ ಮಾಡಿದರೆ ಒಳ್ಳೆಯ ಔಷಧಿಯೂ ಕೆಟ್ಟದ್ದಾಗಿ ಕಾಣುತ್ತದೆ. ಆ ದಿನ ಮಳೆ ಇತ್ತೇ, ಊದುಬತ್ತಿಯ ಹೊಗೆ ಯಾವ ಕಡೆ ವಾಲಿತು ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.

ಬೇವಿನೆಣ್ಣೆಯನ್ನು ಪರೀಕ್ಷಿಸುವವರು ಹಾಕದ ದಿನ ಬರೀ ಅಡುಗೆ ಎಣ್ಣೆ ಸವರಿ ನೋಡಿ. ಎರಡಕ್ಕೂ ಒಂದೇ ಲೆಕ್ಕ ಬಂದರೆ ಅದು ಎಣ್ಣೆಯ ಜಿಡ್ಡಿನ ಕೆಲಸ, ಬೇವಿನದ್ದಲ್ಲ. ಯಾವ ದಿನ ಯಾವ ಎಣ್ಣೆ ಎಂದು ಹೇಳದೆ ಮಗಳ ಕೈಲೋ ಅತ್ತೆಯವರ ಕೈಲೋ ಎಣಿಸಿದರೆ ಇನ್ನೂ ಒಳ್ಳೆಯದು. ವಾಸನೆಯಿಂದ ಗೊತ್ತಾಗಿಬಿಡುತ್ತದಲ್ಲ ಎನ್ನಬಹುದು. ಹಾಗಾದರೆ ಅವರನ್ನು ನಾಲ್ಕು ಮಾರು ದೂರ ನಿಲ್ಲಿಸಿ.

ಲೆಕ್ಕ ಓದುವುದು ಹೀಗೆ. ಉದಾಹರಣೆಗೆ, ಹಾಕದ ದಿನಗಳ ಸರಾಸರಿ ಬಾಲ ಬೀಸು 40, ಹಾಕಿದ ದಿನಗಳದ್ದು 36 ಬಂದರೆ ಆ ಉಪಾಯವನ್ನು ಬಿಟ್ಟುಬಿಡಿ. 40 ಇದ್ದದ್ದು 15ಕ್ಕೆ ಇಳಿದರೆ ಅದರಲ್ಲಿ ಸತ್ವ ಇದೆ. ಆಗ ಇನ್ನೆರಡು ಪ್ರಶ್ನೆ ಕೇಳಬೇಕು. ಎಷ್ಟು ಹೊತ್ತು? ಕೆಂಡ ಆರಿದ ಮೇಲೆ ಅರ್ಧ ಗಂಟೆಗೊಮ್ಮೆ ಎಣಿಸಿ. ಏಳಕ್ಕೆ ಆರುವ ಹೊಗೆ, ಮಧ್ಯರಾತ್ರಿಯವರೆಗೆ ಕಚ್ಚುವ ಸೊಳ್ಳೆಗೆ ಏನು ಮಾಡೀತು? ಎಷ್ಟು ದೂರ? ಹೊಗೆಯ ಪಕ್ಕದ ಹಸು ಸುಮ್ಮನಿದ್ದು, ಕೊನೆಯಲ್ಲಿ ಕಟ್ಟಿದ ಕರು ಒದ್ದಾಡುತ್ತಿದ್ದರೆ ಸೊಳ್ಳೆ ಜಾಗ ಬದಲಿಸಿದೆ ಅಷ್ಟೇ. ಕೊಟ್ಟಿಗೆಗೆ ಅಂಟಿಕೊಂಡೇ ಮನೆ ಇರುವವರು ಮಲಗುವ ಕೋಣೆಯಲ್ಲೂ ಒಮ್ಮೆ ನೋಡಿ. ಹಸುವಿನಿಂದ ಎದ್ದ ಸೊಳ್ಳೆ ಮಕ್ಕಳ ಕಡೆಗೇ ಬಂದಿರಬಹುದು.

ಸೊಳ್ಳೆ ಬತ್ತಿಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ತೆರೆದ ಕೊಟ್ಟಿಗೆಯಲ್ಲಿ ಅದರ ಔಷಧಿ ಗಾಳಿಯಲ್ಲಿ ಚದುರಿ ಹೋಗುತ್ತದೆ. ಗಾಳಿಯಾಡದಂತೆ ಮುಚ್ಚಿದರೆ ಹೊಗೆ ನಮ್ಮ ಎದೆಗೆ ಬರುತ್ತದೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣಗಳು ಹೊರಬರುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೊಪ್ಪಿನ ಹೊಗೆಯೂ ಹೊಗೆಯೇ. ಬಣವೆಯ ಹತ್ತಿರ ಕೆಂಡ ಇಡಬೇಡಿ, ಎಳೆಗರುವನ್ನು ಹೊಗೆಯೊಳಗೆ ಕಟ್ಟಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುವುದರಿಂದ, ಹೊಗೆಯಾಗಲಿ ಬೇವಿನೆಣ್ಣೆಯಾಗಲಿ ಹಾಲು ಕರೆದು ಕ್ಯಾನ್ ಆಚೆ ಹೋದ ಮೇಲೆ. ಅಂಗಡಿಯ ಕೀಟನಾಶಕ ದ್ರಾವಣವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸಿ, ಕೆಚ್ಚಲಿಗೆ ತಾಗಿಸಬೇಡಿ.

ವಿದ್ಯುತ್ ಇರುವವರು ಫ್ಯಾನನ್ನೂ ಇದೇ ರೀತಿ ಎಣಿಸಿ ನೋಡಬಹುದು. ಸೊಳ್ಳೆಗೂ ಗುಂಗುರಿಗೂ ಹಾರುವ ಬಲ ಕಡಿಮೆ, ಎದುರು ಗಾಳಿಯಲ್ಲಿ ಅವು ನಿಲ್ಲಲಾರವು. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ, ಹಸುವಿಗೂ ತಂಪು.

ಏನು ಹಾಕಿದರೂ ಲೆಕ್ಕ ಇಳಿಯದಿದ್ದರೆ ಹುಳ ಹುಟ್ಟುವುದು ನಿಮ್ಮ ಕೊಟ್ಟಿಗೆಯ ಪಕ್ಕದಲ್ಲೇ ಇರಬಹುದು. ಕೊಟ್ಟಿಗೆ ನೊಣ ಮೊಟ್ಟೆ ಇಡುವುದು ಗಂಜಲ, ಸಗಣಿ ಬೆರೆತು ಕೊಳೆಯುವ ಹುಲ್ಲಿನಲ್ಲಿ, ಗೋದಲಿಯ ಬುಡದಲ್ಲಿ ಉಳಿದ ಮೇವಿನಲ್ಲಿ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಕ್ಕೆ ಹೊಸ ನೊಣ ಹೊರಬರುತ್ತದೆ. ಸೊಳ್ಳೆಗೆ ನಿಂತ ನೀರಿನಲ್ಲಿ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಹಸುವಿನ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ತುಂಬಿಸಿ. ಮೂರು ವಾರ ಹೀಗೆ ಮಾಡಿದ ಮೇಲೆ ಮತ್ತೆ ಅದೇ ಹಸುವಿನ ಮುಂದೆ ಎರಡು ನಿಮಿಷ ನಿಂತು ಎಣಿಸಿ, ಹಳೆಯ ಹಾಳೆಯ ಪಕ್ಕದಲ್ಲೇ ಬರೆಯಿರಿ. ಆ ಹಾಳೆಯನ್ನು ಮುಂದಿನ ಸಲ ಸಂಘಕ್ಕೆ ಬರುವಾಗ ತನ್ನಿ. ನಾಲ್ಕಾರು ಮನೆಯ ಲೆಕ್ಕ ಒಟ್ಟಿಗೆ ಇಟ್ಟು ನೋಡೋಣ.