ಕಾಡತೂಸಿನ ಲೆಕ್ಕ

1858ರ ಮೇ ಕೊನೆಯಲ್ಲಿ ತುಂಗಭದ್ರೆ ದಂಡೆಯ ಹಮ್ಮಿಗಿಯಲ್ಲಿ ಒಂದು ದಾಸ್ತಾನಿಗೆ ಕಂಪನಿ ಸರಕಾರ ಕಾವಲು ಹಾಕಿತು. ಮುಂಡರಗಿ ಭೀಮರಾಯರು ಕೂಡಿಹಾಕಿದ್ದ ಆಯುಧ, ಮದ್ದುಗುಂಡು ಅಲ್ಲಿದ್ದವು. ಭೀಮರಾಯರು ಕಾವಲಿನವರ ಮೇಲೆ ಬಿದ್ದು ಅದನ್ನು ಬಿಡಿಸಿಕೊಂಡರು. ಅಲ್ಲಿಂದ ಡಂಬಳದ ಖಜಾನೆ, ಆಮೇಲೆ ಕೊಪ್ಪಳದ ಕೋಟೆ. ಜೂನ್ 1ಕ್ಕೆ ಅದೇ ಕೋಟೆಯಲ್ಲಿ ಹೋರಾಟ ಮುಗಿಯಿತು. ಬಂಡಾಯ ಹೊತ್ತಿಕೊಂಡದ್ದು ದಾಸ್ತಾನಿನ ಬಾಗಿಲಲ್ಲಿ ಎಂಬುದನ್ನು ಗಮನಿಸಬೇಕು. ಮದ್ದಿಲ್ಲದ ಬಂದೂಕು ಒನಕೆಗಿಂತ ಕಡೆ. ಒನಕೆಗೆ ಹಿಡಿತವಾದರೂ ಚೆನ್ನಾಗಿರುತ್ತದೆ.

ಆ ಕಾಲದಲ್ಲಿ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿಡುತ್ತಿದ್ದರು. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಲು ಒಲ್ಲೆವೆಂದ ಕಾಡತೂಸು ಅದೇ. ಮಾತು ಪೋರ್ಚುಗೀಸರದು, ನಾಲಿಗೆ ಮಾತ್ರ ನಮ್ಮದು. ಇಂದಿನ ಕಾಡತೂಸಿಗೆ ಹಿತ್ತಾಳೆಯ ಮೈ. ಅದರ ತಳದಲ್ಲಿ ಕುಂಕುಮದ ಬೊಟ್ಟಿನಷ್ಟು ಕ್ಯಾಪು, ಒಳಗೆ ಹೊಗೆ ಕಡಿಮೆ ಬಿಡುವ ಮದ್ದು, ಬಾಯಿಗೆ ಸೀಸದ ಗುಂಡು. ಬಂದೂಕಿನ ಕುದುರೆ ಬಡಿದಾಗ ಕ್ಯಾಪು ಕಿಡಿ ಕಾರುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಗುಂಡನ್ನು ನಳಿಗೆಯಿಂದ ಆಚೆ ನೂಕುತ್ತದೆ. ಸರಕಾರಿ ಕಾರ್ಖಾನೆಯ .32 ರಿವಾಲ್ವರಿನ ಗುಂಡು ತೂಗುವುದು ಸುಮಾರು 6 ಗ್ರಾಂ, ಅಂದರೆ ಅರ್ಧ ತೊಲೆಗೆ ಚೂರು ಮೇಲೆ. ಆದರೆ ಸೆಕೆಂಡಿಗೆ 200 ಮೀಟರಿಗೂ ಮಿಕ್ಕಿದ ವೇಗ. ಪೊಲೀಸರ 9 ಎಂಎಂ ಪಿಸ್ತೂಲು ಸಾಮಾನ್ಯ ಪರವಾನಗಿದಾರರಿಗೆ ನಿಷಿದ್ಧ.

ಆತ್ಮರಕ್ಷಣೆಯ ಗುಂಡಿನ ಬಗ್ಗೆ ಇರುವ ದೊಡ್ಡ ವಾದ ಅದು ಎಲ್ಲಿ ನಿಲ್ಲಬೇಕು ಎನ್ನುವುದು. ಕೋಲ್ಕತ್ತದ ಪಕ್ಕದ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೈಗೆ ತಗುಲಿದೊಡನೆ ಅರಳುವ ಗುಂಡು ಮಾಡಿದರು. ಅದು ಕ್ರೂರವೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥವನ್ನು ನಿಷೇಧಿಸಿತು. ವಿಚಿತ್ರ ನೋಡಿ, ಅಮೆರಿಕದಲ್ಲಿ ಪೊಲೀಸರೂ ಮನೆಯವರೂ ಇಂದು ಆರಿಸುವುದು ಅರಳುವ ಗುಂಡನ್ನೇ. ಬೆನ್ನ ಹಿಂದೆ ನಿಂತ ಮತ್ತೊಬ್ಬರಿಗೆ ತೂರಿ ಹೋಗುವ ಸಂಭವ ಕಡಿಮೆ ಎಂಬುದು ಅವರ ಸಮರ್ಥನೆ. ಮಗ್ಗದ ಮನೆಗಳು ಒತ್ತಾಗಿರುವ ಬೆಟಗೇರಿಯ ಓಣಿಯನ್ನು ನೆನೆದರೆ ಈ ಚಿಂತೆ ಅರ್ಥವಾಗುತ್ತದೆ. ಗುರಿ ತಪ್ಪಿದರೆ ಮಾತ್ರ ಯಾವ ಬಗೆಯ ಗುಂಡೂ ಉತ್ತರವಲ್ಲ.

ನಮ್ಮಲ್ಲಿ ಆಯ್ಕೆಗಿಂತ ಮೊದಲು ಪರವಾನಗಿ. 1997ರವರೆಗೆ ಗದಗ ಸೀಮೆಯವರಿಗೆ ಇದಕ್ಕೆ ಧಾರವಾಡದ ಜಿಲ್ಲಾ ಕಚೇರಿ. ಗದಗವೇ ಜಿಲ್ಲೆಯಾದ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿಯವರು ಅಲ್ಲಿಗೆ ಬರುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಉದ್ದ ನಳಿಗೆಯ ಬಂದೂಕನ್ನೂ ಗಿಡ್ಡ ಪಿಸ್ತೂಲನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಬೆಳೆ ಕಾಯುವ ರೈತ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ಇಲ್ಲವೆ ಒಬ್ಬರು ರಕ್ಷಣೆಗೆಂದು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬಂದೂಕು ಕೇಳಿದರೆ, ಅದಕ್ಕೆ ಬೇರೆಯೇ ಕಲಮು. ಪಿಸ್ತೂಲು ಬೇಕೆಂದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಕಪ್ಪತಗುಡ್ಡದ ಸೆರಗಿನಲ್ಲಿ ಹಂದಿ ಹೊಲಕ್ಕಿಳಿಯಿತೆಂಬ ಕಾರಣಕ್ಕೆ ರಿವಾಲ್ವರ್ ಸಿಗುವುದು ಕಷ್ಟ.

ತೋಟಾಗಳಿಗೂ ಲೆಕ್ಕವುಂಟು. ಎಷ್ಟು ಇಟ್ಟುಕೊಳ್ಳಬಹುದೆಂದು ಪರವಾನಗಿಯಲ್ಲೇ ಬರೆದಿರುತ್ತದೆ. ಹಾರಿಸಿದ ಮೇಲೂ ಪ್ರಶ್ನೆ ಮುಗಿಯದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ ಹಳೆಯ ದಂಡ ಸಂಹಿತೆಯಂತೆ, ರಕ್ಷಣೆಗೆ ಬೇಕಾದಷ್ಟೇ ಪೆಟ್ಟು ಎನ್ನುತ್ತದೆ. ಓಡುವ ಕಳ್ಳನ ಬೆನ್ನಿಗೆ ಹಾರಿಸಿದವನು ನ್ಯಾಯಾಲಯದಲ್ಲಿ ಬಹಳ ವಿವರಿಸಬೇಕಾದೀತು. ಮದುವೆ ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸಜೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪರವಾನಗಿಯಿಲ್ಲದೆ ಬರೀ ಒಂದು ತೋಟಾ ಇದ್ದರೂ ಅಪರಾಧ. ವಿಮಾನ ನಿಲ್ದಾಣಗಳ ಎಕ್ಸ್‌ರೇಯಲ್ಲಿ ಚೀಲದ ಮೂಲೆಯ ಒಂಟಿ ತೋಟಾ ಕಂಡು ಪ್ರಯಾಣಿಕರು ತಬ್ಬಿಬ್ಬಾಗುವುದುಂಟು. ಅಂಥಾದ್ದರಲ್ಲಿ ನ್ಯಾಯಾಲಯ ಕೇಳುವ ಮೊದಲ ಮಾತು: ಅದು ಅಲ್ಲಿದೆಯೆಂದು ಇವನಿಗೆ ಗೊತ್ತಿತ್ತೇ?