ಎರಡು ಹೊಡೆತದ ಎಂಜಿನ್: ಅರ ಹಿಡಿಯುವ ಮೊದಲು ಲೆಕ್ಕ ಹಿಡಿಯಿರಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಭದ್ರಾವತಿಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಿಂದ ಕರಗಿಸಿ ಕಬ್ಬಿಣ ತೆಗೆಯುವ ಕೆಲಸ 1923ರಲ್ಲಿ ಆರಂಭವಾಯಿತು. ಮುಂದೆ ಅಲ್ಲಿ ಮಿಶ್ರಲೋಹದ ಉಕ್ಕೂ ತಯಾರಾಯಿತು. ಎರಕ, ಲೇತು, ಬೆಸುಗೆ ಈ ಊರುಗಳಿಗೆ ಹೊಸತಲ್ಲ. ಹಳೆಯ ಯಮಹಾ ಆರ್‌ಎಕ್ಸ್ 100 ಅಥವಾ ಮೈಸೂರಿನ ಯೆಜ್ದಿಯನ್ನು ಬಿಚ್ಚಿ ಓಟಕ್ಕೆ ಹದಗೊಳಿಸುವ ಆಸೆ ಇಂಥ ಕಡೆ ಹುಟ್ಟುವುದು ಸಹಜ. ಇವೆರಡರ ತಯಾರಿಕೆಯೂ 1996ರಲ್ಲಿ ನಿಂತಿತು. ಅಂದಾಜಿನ ಮೇಲೆ ಅರ ಹಾಕಿ ಒಂದು ಸಿಲಿಂಡರ್ ಕೆಡಿಸಿದರೆ ಇನ್ನೊಂದನ್ನು ಹುಡುಕುವುದು ಕಷ್ಟ. ವೇಗದಲ್ಲಿ ಎಂಜಿನ್ ಹಿಡಿದುಕೊಂಡರೆ ಹಿಂದಿನ ಚಕ್ರ ನಿಂತು ಸವಾರನೇ ಉರುಳಬಹುದು. ಆದ್ದರಿಂದ ಈ ಕೆಲಸದ ಹಿಂದಿರುವ ವಿಜ್ಞಾನವನ್ನು ನೋಡೋಣ.

ಕವಾಟವಿಲ್ಲದ ಎಂಜಿನ್

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕವಾಟಗಳು ಅನಿಲದ ದಾರಿಯನ್ನು ತೆರೆದು ಮುಚ್ಚುತ್ತವೆ. ಎರಡು ಹೊಡೆತದ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ನೇ ಅವುಗಳ ಬಾಗಿಲು. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಕಿಂಡಿ ತೆರೆಯುತ್ತದೆ. ಆಮೇಲೆ ತೆರೆಯುವ ವರ್ಗಾವಣೆ ಕಿಂಡಿಗಳ ಮೂಲಕ ಹೊಸ ಮಿಶ್ರಣ ಒಳನುಗ್ಗಿ ಹಳೆಯ ಹೊಗೆಯನ್ನು ತಳ್ಳುತ್ತದೆ. ಕಿಂಡಿಯ ಅಂಚು ಎಷ್ಟು ಎತ್ತರದಲ್ಲಿದೆ ಎಂಬುದೇ ಅದು ತೆರೆಯುವ ಹೊತ್ತನ್ನು ನಿರ್ಧರಿಸುತ್ತದೆ. ಮನೆಯಲ್ಲಿ ಅರ ಹಿಡಿಯುವವರು ಬದಲಿಸುವುದು ಈ ಹೊತ್ತನ್ನೇ.

ಕೋನ ಮತ್ತು ಮಿಲಿಮೀಟರ್

ಪಿಸ್ಟನ್ ತುದಿಯಿಂದ ಇಳಿದ ದೂರ x, ಕ್ರ್ಯಾಂಕ್ ತಿರುಗಿದ ಕೋನ θ, ಕ್ರ್ಯಾಂಕ್ ತ್ರಿಜ್ಯ r, ಸಂಪರ್ಕ ದಂಡದ ಉದ್ದ l ಎಂದಿಟ್ಟುಕೊಳ್ಳಿ. ಆಗ

x = r + l − r cos θ − √(l² − r² sin² θ)

ಆರ್‌ಎಕ್ಸ್ 100ರ ಸಿಲಿಂಡರ್ ವ್ಯಾಸ 50 ಮಿ.ಮೀ., ಹೊಡೆತವೂ 50 ಮಿ.ಮೀ. ಹಾಗಾಗಿ r 25 ಮಿ.ಮೀ. ಲೆಕ್ಕದ ಅನುಕೂಲಕ್ಕೆ l 100 ಮಿ.ಮೀ. ಎನ್ನೋಣ. ಹೊಗೆಕಿಂಡಿ 95°ಯಲ್ಲಿ ತೆರೆದರೆ x 30.3 ಮಿ.ಮೀ. ಕಿಂಡಿ ಒಟ್ಟು 170° ತೆರೆದಿರುತ್ತದೆ. ಇದು ರಸ್ತೆಯ ಬಂಡಿಗೆ ಒಪ್ಪುವ ಅವಧಿ. ಓಟದ ಎಂಜಿನ್ನಿಗೆ 190° ಬೇಕೆಂದರೆ ಕಿಂಡಿ 85°ಯಲ್ಲಿ ತೆರೆಯಬೇಕು. ಆಗ x 26.0 ಮಿ.ಮೀ. ಅಂದರೆ 20° ಗಳಿಸಲು ತೇಯಬೇಕಾದದ್ದು ಕೇವಲ 4.3 ಮಿ.ಮೀ.! ಒಂದು ಮಿಲಿಮೀಟರ್ ತಪ್ಪಿದರೆ ಅವಧಿ ನಾಲ್ಕೂವರೆ ಡಿಗ್ರಿಗೂ ಹೆಚ್ಚು ಬದಲಾಗುತ್ತದೆ. ತೇಯ್ದ ಲೋಹ ಮರಳಿ ಬಾರದು. ಆದ್ದರಿಂದ ಕ್ರ್ಯಾಂಕ್‌ಗೆ ಡಿಗ್ರಿ ಗುರುತಿನ ತಟ್ಟೆ ಕಟ್ಟಿ, ಡಯಲ್ ಗೇಜಿನಿಂದ ಅಳೆದು, ಸ್ವಲ್ಪ ಸ್ವಲ್ಪವೇ ತೇಯಬೇಕು.

ಕಿಂಡಿ ಮೇಲೇರಿದರೆ ಸಂಪೀಡನ ಶುರುವಾಗುವುದು ತಡವಾಗುತ್ತದೆ. ಮೊದಲು ಸಿಕ್ಕಿಬೀಳುತ್ತಿದ್ದ ಅನಿಲ 59.5 ಘನ ಸೆಂ.ಮೀ.; ಈಗ 51. ತಲೆಯೊಳಗಿನ ದಹನ ಕೋಣೆ 10 ಘನ ಸೆಂ.ಮೀ. ಇದ್ದರೆ ಸಂಪೀಡನ ಅನುಪಾತ ಸುಮಾರು 7ರಿಂದ 6.1ಕ್ಕೆ ಇಳಿಯುತ್ತದೆ. ಹಳೆಯ ಅನುಪಾತ ಬೇಕಾದರೆ ಕೋಣೆಯನ್ನು 8.6 ಘನ ಸೆಂ.ಮೀ.ಗೆ ತಗ್ಗಿಸಬೇಕು. ಅದಕ್ಕೆ ತಲೆಯ ಅಡಿಯನ್ನು ಲೇತಿನಲ್ಲಿ ಸವೆಸುತ್ತಾರೆ. ಕೋಣೆಯ ಗಾತ್ರ ಅಳೆಯಲು ಶಾಲೆಯ ಬ್ಯೂರೆಟ್ ಸಾಕು.

ಹೊಗೆಕೊಳವೆಯೊಳಗಿನ ಪ್ರತಿಧ್ವನಿ

ಎರಡು ಕಿಂಡಿಗಳೂ ಒಮ್ಮೆಗೇ ತೆರೆದಿರುವುದರಿಂದ ಹೊಸ ಮಿಶ್ರಣ ಹೊಗೆಯೊಡನೆ ಹೊರಗೆ ಸೋರುತ್ತದೆ. ಇದನ್ನು ತಡೆಯಲು ಪೂರ್ವ ಜರ್ಮನಿಯ ಎಮ್‌ಝೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ ಧ್ವನಿತರಂಗವನ್ನೇ ದುಡಿಸಿಕೊಂಡರು. ಕಿಂಡಿ ತೆರೆದಾಗ ಹೊರಟ ಒತ್ತಡದ ಅಲೆ ಅಗಲವಾಗುತ್ತ ಹೋಗುವ ಶಂಕುವಿನಲ್ಲಿ ಹೀರಿಕೆಯ ಅಲೆಯನ್ನು ಹಿಂದಕ್ಕೆ ಕಳಿಸುತ್ತದೆ. ಅದು ಸಿಲಿಂಡರನ್ನು ಗುಡಿಸಲು ನೆರವಾಗುತ್ತದೆ. ಕೊನೆಯ ಕಿರಿದಾಗುವ ಶಂಕುವಿಗೆ ತಾಗಿದ ಅಲೆ ಒತ್ತಡವಾಗಿಯೇ ಮರಳಿ, ಸೋರಿದ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲು ಒಳಕ್ಕೆ ತಳ್ಳುತ್ತದೆ. 1961ರಲ್ಲಿ ಅವರ 125 ಸಿಸಿ ಎಂಜಿನ್ ಸುಮಾರು 25 ಅಶ್ವಶಕ್ತಿ, ಅಂದರೆ ಲೀಟರಿಗೆ 200 ಅಶ್ವಶಕ್ತಿ ನೀಡಿತು. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದ. ಜೊತೆಗೆ ಈ ವಿದ್ಯೆಯೂ ಹೋಯಿತು.

ಉದ್ದದ ಲೆಕ್ಕ ಸರಳ. ಕಿಂಡಿ 190° ತೆರೆದಿದ್ದು ಎಂಜಿನ್ ನಿಮಿಷಕ್ಕೆ 9000 ಸುತ್ತು ತಿರುಗಿದರೆ, ಅಲೆಗೆ ಸಿಗುವ ಕಾಲ 190 ÷ (6 × 9000), ಅಂದರೆ 0.0035 ಸೆಕೆಂಡು. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀ. ಹೋಗಿ ಬರುವ ದೂರ 1.76 ಮೀ.; ಕಿಂಡಿಯಿಂದ ಕೊನೆಯ ಶಂಕುವಿಗೆ ಅದರ ಅರ್ಧ, 88 ಸೆಂ.ಮೀ. 10,500 ಸುತ್ತಿಗಾದರೆ ಸುಮಾರು 75 ಸೆಂ.ಮೀ. ಕೊಳವೆ ಒಂದು ವೇಗಕ್ಕೆ ಹೊಂದಿದರೆ ಬೇರೆ ವೇಗಗಳಲ್ಲಿ ಎಂಜಿನ್ ಸೊರಗುತ್ತದೆ. ಓಟದ ಬಂಡಿ ಊರೊಳಗೆ ಮುಕ್ಕರಿಯುವುದು ಇದಕ್ಕೇ.

ಬೆಲೆ ತೆರುವ ಭಾಗಗಳು

ಆರ್‌ಎಕ್ಸ್ 100 ತನ್ನ 11 ಅಶ್ವಶಕ್ತಿ ಕೊಡುತ್ತಿದ್ದದ್ದು 7500 ಸುತ್ತಿನಲ್ಲಿ. ಅದನ್ನು 10,500ಕ್ಕೆ ಏರಿಸಿದರೆ ವೇಗ 1.4 ಪಟ್ಟು. ಆದರೆ ಜಡತ್ವದ ಬಲ ವೇಗದ ವರ್ಗಕ್ಕೆ ಅನುಗುಣ. ಸಂಪರ್ಕ ದಂಡ, ಬೇರಿಂಗ್‌ಗಳ ಮೇಲಿನ ಸೆಳೆತ ಸುಮಾರು ಇಮ್ಮಡಿಯಾಗುತ್ತದೆ. ಅಲ್ಲಿ ಬೇಕಾದದ್ದು ಒಳ್ಳೆಯ ಮಿಶ್ರಲೋಹದ ಉಕ್ಕು, ನಿಖರವಾದ ಜೋಡಣೆ.

ಪಿಸ್ಟನ್ ಅಲ್ಯೂಮಿನಿಯಮ್ ಮಿಶ್ರಲೋಹ. ಸಿಲಿಂಡರಿನ ಒಳಗೋಡೆ ಬೀಡುಕಬ್ಬಿಣ. ಉಷ್ಣತೆ 100° ಸೆ. ಏರಿದರೆ 50 ಮಿ.ಮೀ. ಪಿಸ್ಟನ್ ಸುಮಾರು 0.10 ಮಿ.ಮೀ. ಹಿಗ್ಗುತ್ತದೆ, ಗೋಡೆ 0.055 ಮಿ.ಮೀ. ಮಾತ್ರ. ವ್ಯತ್ಯಾಸ 0.045 ಮಿ.ಮೀ. ಇವುಗಳ ನಡುವಿನ ತೆರಪೂ ಹೆಚ್ಚುಕಡಿಮೆ ಅಷ್ಟೇ! ಪೆಟ್ರೋಲ್ ಕಡಿಮೆಯಾದ ಮಿಶ್ರಣ, ಅತಿಯಾದ ಸಂಪೀಡನ, ಎಣ್ಣೆಯ ಕೊರತೆ, ಇವುಗಳಲ್ಲಿ ಯಾವುದೊಂದರಿಂದಲೂ ಪಿಸ್ಟನ್ ಬಿಸಿಯೇರಿ ಹಿಡಿದುಕೊಳ್ಳಬಹುದು. ಹಾಗಾಗಿ ಕಾರ್ಬ್ಯುರೇಟರಿನ ಜೆಟ್ಟನ್ನು ಮೊದಲು ದೊಡ್ಡದಿಟ್ಟು, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡುತ್ತ ಕಿರಿದಾಗಿಸುವುದು ಜಾಣತನ. ಪ್ಲಗ್ ಬಿಳುಪಾಗಿದ್ದರೆ ಅಪಾಯ, ಕಂದುಬಣ್ಣ ಕ್ಷೇಮ.

ಇನ್ನೊಂದು ಮಾತು. ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಇಂಥ ಎಂಜಿನ್ನಿನ ಸದ್ದು, ಸುಡದೆ ಹೊರಬೀಳುವ ಪೆಟ್ರೋಲ್ ಹಬೆ ಎರಡೂ ನೆರೆಹೊರೆಗೆ ಕಂಟಕ. ಅದರ ಜಾಗ ಓಟದ ಅಂಕಣವೇ ಹೊರತು ರಸ್ತೆಯಲ್ಲ.

ಬಂಡಿ ಇಲ್ಲದವರಿಗೂ ಇಲ್ಲಿ ಪಾಠವಿದೆ. ಮೇಲಿನ ಸೂತ್ರದಲ್ಲಿ θ ಬೆಲೆಯನ್ನು 0°ಯಿಂದ 180°ವರೆಗೆ ಹತ್ತು ಹತ್ತಾಗಿ ಏರಿಸಿ, x ಕಂಡುಹಿಡಿದು ನಕ್ಷೆ ಎಳೆಯಿರಿ. 90°ಯಲ್ಲಿ ಪಿಸ್ಟನ್ ಅರ್ಧ ದಾರಿಗಿಂತ ಕೆಳಗೆ, 28.2 ಮಿ.ಮೀ.ನಲ್ಲಿ ಇರುವುದು ಕಾಣುತ್ತದೆ. ಏಕೆ ಹೀಗೆ? ಸಂಪರ್ಕ ದಂಡದ ಓರೆಯನ್ನು ಚಿತ್ರ ಬರೆದು ನೋಡಿದರೆ ಉತ್ತರ ಹೊಳೆಯುತ್ತದೆ.