ಟೋಪಿಯ ನೆರಳು ಎಲ್ಲಿಯವರೆಗೆ?

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತುವವರಿಗೆ ಗಿರಿಗದ್ದೆಯ ಭಟ್ಟರ ಮನೆ ಸಮೀಪಿಸುವವರೆಗೆ ಟೋಪಿಯ ನೆನಪೇ ಬರುವುದಿಲ್ಲ. ಅಲ್ಲಿಯತನಕ ತಲೆ ಕಾಯುವುದು ಕಾಡು. ಭಟ್ಟರ ಮನೆ ದಾಟಿ ಹುಲ್ಲುಗಾವಲಿಗೆ ಕಾಲಿಟ್ಟರೆ ಕಥೆಯೇ ಬೇರೆ. ಕಲ್ಲುಮಂಟಪ ಕಳೆದು, ಶೇಷಪರ್ವತ ಏರಿ, ಶಿಖರದ ಬುಡದ ಶೋಲಾ ಕಾಡು ಸಿಗುವತನಕ ಬಿಸಿಲಿಗೆ ಮೈಯೊಡ್ಡಿ ನಡೆಯಬೇಕು. ಚೀಲಗಳಿಂದ ಅಗಲ ಅಂಚಿನ ಟೋಪಿಗಳು ಹೊರಬರುವುದು ಇಲ್ಲೇ. ಟೋಪಿ ತಲೆಗೇರಿತೆಂದರೆ ಬಿಸಿಲಿನ ಚಿಂತೆ ಮುಗಿಯಿತು ಎಂದುಕೊಂಡು ಹೊರಟವರು, ಸಂಜೆ ಕನ್ನಡಿಯಲ್ಲಿ ಉರಿಯುವ ಮೂಗು, ಕಂದಿದ ಗದ್ದ ನೋಡಿ ಟೋಪಿಯನ್ನೇ ಬೈಯುತ್ತಾರೆ. ಪಾಪ, ಅದು ತನ್ನ ಕೆಲಸ ಮಾಡಿಯೇ ಇರುತ್ತದೆ. ಆ ಕೆಲಸ ಎಷ್ಟು ಎಂಬ ಲೆಕ್ಕ ನಮಗೆ ತಿಳಿದಿರುವುದಿಲ್ಲ, ಅಷ್ಟೆ.

ತಪ್ಪು ಕಲ್ಪನೆ: ಅಂಚು ಅಗಲವಿದ್ದರೆ ಮುಖಕ್ಕೆಲ್ಲ ನೆರಳು.

ಸತ್ಯ: ನೆರಳು ಎಲ್ಲಿಯವರೆಗೆ ಎಂಬುದನ್ನು ಅಂಚಿನಷ್ಟೇ ಸೂರ್ಯನ ಎತ್ತರವೂ ತೀರ್ಮಾನಿಸುತ್ತದೆ. ಟೋಪಿ ಕೂರುವ ಹಣೆಯಿಂದ ಗದ್ದದ ತುದಿಗೆ ಸುಮಾರು 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಅಂಚು ಏಳೂವರೆ ಸೆಂ.ಮೀ. ಇದ್ದು, ಎದುರಿನ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳು ಇಳಿಯುವುದೂ ಏಳೂವರೆ ಸೆಂ.ಮೀ., ಅಂದರೆ ಮೂಗಿನ ಆಸುಪಾಸಿಗೆ. ಸೂರ್ಯ 30 ಡಿಗ್ರಿಗೆ ಇಳಿದರೆ ನೆರಳು ನಾಲ್ಕು ಸೆಂ.ಮೀ. ಚಿಲ್ಲರೆಗೆ ಕುಗ್ಗಿ ಕಣ್ಣಿನ ಬಳಿಯೇ ನಿಂತುಬಿಡುತ್ತದೆ. ನಮ್ಮ ಚಾರಣದ ಹಂಗಾಮು ಹೆಚ್ಚಾಗಿ ಚಳಿಗಾಲ. ಡಿಸೆಂಬರ್ ಕೊನೆಗೆ ಕುಮಾರ ಪರ್ವತದ ಮೇಲೆ ನಡುಹಗಲಿನ ಸೂರ್ಯ ಏರುವುದೇ ಸುಮಾರು 54 ಡಿಗ್ರಿಗೆ. ಆಗಲೂ ನೆರಳು ತುಟಿ ದಾಟಿ ಗದ್ದ ಮುಟ್ಟುವುದು ಕಷ್ಟ. ಏಪ್ರಿಲ್ ಕೊನೆಯ ಭಾಗದಲ್ಲಿ ಸೂರ್ಯ ನಡುನೆತ್ತಿಗೆ ಬಂದಾಗ ಮಾತ್ರ ಅದೇ ಟೋಪಿ ಕೊಡೆಯಂತೆ ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣದ್ದು. ಅತಿನೇರಳೆ ಕಿರಣಗಳು ಸೂರ್ಯನಿಂದ ನೇರವಾಗಿಯಷ್ಟೇ ಬರುವುದಿಲ್ಲ. ಗಾಳಿಯಲ್ಲಿ ಚದುರಿ ಇಡೀ ಆಕಾಶದಿಂದಲೂ ಇಳಿಯುತ್ತವೆ. ಆಕಾಶಕ್ಕೆ ನೀಲಿ ಬಣ್ಣ ಕೊಡುವ ಚದುರುವಿಕೆಯೇ ಇದಕ್ಕೂ ಕಾರಣ. ಹಾಗಾಗಿ ನೆರಳಿನಲ್ಲಿರುವ ಕೆನ್ನೆಗೂ ಪಕ್ಕದಿಂದ ಏಟು ಬೀಳುತ್ತಲೇ ಇರುತ್ತದೆ. 1992ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಡಿಫಿ ಮತ್ತು ಚೀಸ್‌ಮನ್ ಬಗೆಬಗೆಯ ಟೋಪಿಗಳನ್ನು ಅಳೆದು ನೋಡಿದರು. ಏಳೂವರೆ ಸೆಂ.ಮೀ.ಗಿಂತ ಅಗಲದ ಅಂಚು ಮೂಗಿಗೆ ಕೊಟ್ಟ ರಕ್ಷಣೆ ಎಸ್‌ಪಿಎಫ್ 7ರಷ್ಟು. ಕತ್ತಿಗೆ 5, ಕೆನ್ನೆಗೆ 3, ಗದ್ದಕ್ಕೆ ಬರೀ 2. ಸನ್‌ಸ್ಕ್ರೀನ್ ಡಬ್ಬಿಯ ಮೇಲೆ 30, 50 ಎಂದು ಓದಿ ರೂಢಿಯಾದವರು ಈ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಲಿ. ಟೋಪಿ ಇದ್ದರೂ ಕೆನ್ನೆ, ಗದ್ದ, ಕತ್ತಿಗೆ ಸನ್‌ಸ್ಕ್ರೀನ್ ಬೇಕು. ಕಣ್ಣಿಗೆ ತಂಪು ಕನ್ನಡಕ ಬೇಕು.

ತಪ್ಪು ಕಲ್ಪನೆ: ಮೇಲೆ ತಂಪು, ಮೋಡ ಬೇರೆ ಇದೆ, ಟೋಪಿ ಯಾಕೆ?

ಸತ್ಯ: ಸೆಕೆಯೇ ಬೇರೆ, ಅತಿನೇರಳೆಯೇ ಬೇರೆ. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಆರು ಡಿಗ್ರಿ ತಂಪಾಗುತ್ತದೆ, ಅತಿನೇರಳೆ ಮಾತ್ರ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. 1,712 ಮೀಟರ್ ಎತ್ತರದ ಕುಮಾರ ಪರ್ವತದಲ್ಲಾಗಲಿ, ಸುಮಾರು 1,900 ಮೀಟರ್ ಎತ್ತರದ ಕುದುರೆಮುಖ, ಮುಳ್ಳಯ್ಯನಗಿರಿಗಳಲ್ಲಾಗಲಿ ಚರ್ಮ ಸುಡುವುದು ಗೊತ್ತಾಗದಿರಲು ಆ ತಂಗಾಳಿಯೇ ಕಾರಣ. ತೆಳು ಮೋಡ ಬೆಳಕನ್ನು ಮಂಕು ಮಾಡುತ್ತದೆ, ಆದರೆ ಅತಿನೇರಳೆಯ ಬಹುಪಾಲನ್ನು ಬಿಟ್ಟುಬಿಡುತ್ತದೆ. ಥರ್ಮಾಮೀಟರನ್ನು ಬಿಟ್ಟು ನಿಮ್ಮ ನೆರಳನ್ನು ನೋಡಿ. ಅದು ನಿಮಗಿಂತ ಗಿಡ್ಡವಿದ್ದರೆ ಬಿಸಿಲು ಖಾರವಾಗಿದೆ ಎಂದೇ ಅರ್ಥ.

ತಪ್ಪು ಕಲ್ಪನೆ: ಬಿಳಿ ಹತ್ತಿ ಟೋಪಿಗಿಂತ ಒಳ್ಳೆಯದಿಲ್ಲ.

ಸತ್ಯ: ಬಿಳಿ ಬಣ್ಣ ಶಾಖವನ್ನು ಹಿಂದಟ್ಟುತ್ತದೆ, ನಿಜ. ಆದರೆ ತೆಳು ಬಿಳಿ ಹತ್ತಿಯ ಎಳೆಗಳ ನಡುವೆ ಅತಿನೇರಳೆ ಸಲೀಸಾಗಿ ನುಸುಳುತ್ತದೆ. ಅದೇ ಬಟ್ಟೆಗೆ ಗಾಢ ಬಣ್ಣ ಹಾಕಿದರೆ ತಡೆಯುವುದು ಹೆಚ್ಚು. ಬಣ್ಣಕ್ಕಿಂತಲೂ ಮುಖ್ಯ ನೇಯ್ಗೆಯ ಬಿಗಿ. ಚೀಟಿಯ ಮೇಲೆ ಯುಪಿಎಫ್ 50 ಎಂದಿದ್ದರೆ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2ರಷ್ಟು ಮಾತ್ರ ಒಳಬರುತ್ತದೆ ಎಂದರ್ಥ. ಚೀಟಿ ಇಲ್ಲದಿದ್ದರೆ ಟೋಪಿಯನ್ನು ಬೆಳಕಿಗೆ ಹಿಡಿಯಿರಿ. ಜರಡಿಯಂತೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಜಾತ್ರೆಯಲ್ಲಿ ಸಿಗುವ ಹುಲ್ಲಿನ ಟೋಪಿಗೂ ಇದೇ ಪರೀಕ್ಷೆ. ಹೊರಗೆ ತಿಳಿ ಬಣ್ಣ, ಅಂಚಿನ ಕೆಳಮೈ ಕಡುಬಣ್ಣ ಇದ್ದರೆ ಇನ್ನೂ ಲೇಸು. ಬಂಡೆಯಿಂದ ಪುಟಿದು ಬರುವ ಝಳಪು ಕಣ್ಣಿಗೆ ಕಡಿಮೆ ಹೊಡೆಯುತ್ತದೆ.

ತಪ್ಪು ಕಲ್ಪನೆ: ಟೋಪಿ ನೆನೆಸಿಕೊಂಡರೆ ಎಲ್ಲೆಡೆ ತಂಪು.

ಸತ್ಯ: ನೀರು ಆವಿಯಾದರಷ್ಟೇ ತಂಪು. ಒಣಗಾಳಿಯ ಬಯಲುಸೀಮೆಯಲ್ಲಿ, ಮಧುಗಿರಿ ಬೆಟ್ಟದಲ್ಲೋ ಚಿತ್ರದುರ್ಗದ ಕೋಟೆಯಲ್ಲೋ, ಒದ್ದೆ ಟೋಪಿ ನೆತ್ತಿಗೆ ಮಣ್ಣಿನ ಹೂಜಿ ಇಟ್ಟಂತೆ. ಘಟ್ಟದ ಬುಡದ ತೇವದ ಗಾಳಿಯಲ್ಲಿ ಅದೇ ಟೋಪಿ ಬರೀ ಒದ್ದೆ ಭಾರ. ಜೊತೆಗೆ, ನೆನೆದ ಹತ್ತಿ ಒಣ ಹತ್ತಿಗಿಂತ ಹೆಚ್ಚು ಅತಿನೇರಳೆಯನ್ನು ಒಳಬಿಡುತ್ತದೆ.

ತಪ್ಪು ಕಲ್ಪನೆ: ಅಂಚು ಅಗಲವಾದಷ್ಟೂ ಒಳ್ಳೆಯದು.

ಸತ್ಯ: ತೋಟದಲ್ಲಿ ನಿಂತು ಕೆಲಸ ಮಾಡುವವರಿಗೆ ಹೌದು. ಬೆನ್ನಿಗೆ ಚೀಲ ಹೊತ್ತವರಿಗೆ ಅಲ್ಲ. ಎತ್ತರದ ಚೀಲಕ್ಕೆ ಹಿಂದಿನ ಅಂಚು ತಗುಲಿದರೆ ಟೋಪಿ ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತದೆ. ಹತ್ತು ಹೆಜ್ಜೆಗೊಮ್ಮೆ ಸರಿಪಡಿಸುವುದೇ ಕೆಲಸವಾಗುತ್ತದೆ. ಶೇಷಪರ್ವತದ ಏಣಿನಂಥ ಬಯಲಲ್ಲಿ ಗಾಳಿಗೆ ಅಗಲ ಅಂಚು ಹಾಯಿಯಂತೆ ಉಬ್ಬುತ್ತದೆ. ಗದ್ದಕ್ಕೆ ದಾರ ಇಲ್ಲದಿದ್ದರೆ ಟೋಪಿ ಕಣಿವೆಯ ಪಾಲು. ಅದನ್ನು ಹಿಡಿಯಲು ಅಂಚಿಗೆ ಓಡುವುದು ಟೋಪಿ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ. ಬಂಡೆ ಹತ್ತುವಾಗ, ತಗ್ಗು ಕೊಂಬೆಗಳ ನಡುವೆ ನುಸುಳುವಾಗ ಅಗಲ ಅಂಚು ಮೇಲಿರುವುದನ್ನು ಮರೆಮಾಡುತ್ತದೆ. ಕಾಡಿನ ಭಾಗದಲ್ಲಿ ಮಡಿಚಿ ಚೀಲಕ್ಕೆ ಹಾಕುವುದೇ ಜಾಣತನ. ಏಳೆಂಟು ಸೆಂ.ಮೀ. ಅಂಚು, ಹಿಂಬದಿಗೆ ಮೆತ್ತನೆ ಬಟ್ಟೆ, ಬಿಗಿ ಮಾಡಬಲ್ಲ ದಾರ ಇದ್ದರೆ ಸಾಕು. ದೊಡ್ಡ ಚೀಲವಿದ್ದ ದಿನ ಸಾದಾ ಕ್ಯಾಪಿನ ಕೆಳಗೆ ಟವೆಲ್ ಸಿಕ್ಕಿಸಿ ಕಿವಿ, ಕತ್ತಿನ ಮೇಲೆ ಇಳಿಬಿಡಿ. ಅಡ್ಡಿ ಕಡಿಮೆ, ಕಾಪು ಹೆಚ್ಚು. ಉತ್ತರ ಕರ್ನಾಟಕದ ರೈತರ ರುಮಾಲಿನ ಸೆರಗು ಇಷ್ಟು ಕಾಲ ಮಾಡಿಕೊಂಡು ಬಂದದ್ದೂ ಇದನ್ನೇ.

ತಪ್ಪು ಕಲ್ಪನೆ: ತಲೆಗೆ ಟೋಪಿ ಇದ್ದರೆ ಬಿಸಿಲಾಘಾತ ಆಗದು.

ಸತ್ಯ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ತಲೆ ಇಡೀ ಮೈಯ ಹೊರಮೈಯಲ್ಲಿ ಹತ್ತನೇ ಒಂದು ಪಾಲು ಮಾತ್ರ. ಬೆಟ್ಟ ಹತ್ತುವಾಗ ಶಾಖ ಹುಟ್ಟುವುದು ಮೈಯ ಒಳಗೂ ಹೌದು. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗುತ್ತದೆ. ಬೆವರು ಆರದಿದ್ದರೆ, ಕುಡಿಯುವ ನೀರು ಸಾಲದಿದ್ದರೆ, ಯಾವ ಟೋಪಿಯೂ ಅದನ್ನು ಹೊರಹಾಕಲಾರದು. ಗಾಳಿಯಾಡದ ಟೋಪಿಯಂತೂ ನೆತ್ತಿಯ ಬೆವರನ್ನೇ ಕಟ್ಟಿಹಾಕುತ್ತದೆ. ಮೈಯ ಒಳತಾಪ 40 ಡಿಗ್ರಿ ದಾಟಿ, ಜೊತೆಗಾರರ ಮಾತು ತೊದಲಿದರೆ, ನಡೆ ತಪ್ಪಿದರೆ, ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬೇಡಿ. ಆಸ್ಪತ್ರೆಗೆ ಸೇರಿಸುವ ದಾರಿ ನೋಡಿ.

ಟೋಪಿ ಕೊಳ್ಳುವ ಮುನ್ನ ನಿಮ್ಮ ಚಾರಣದ ಚೀಲವನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ. ಚೀಲ ಬೆನ್ನಿಗೇರಿಸಿ, ಟೋಪಿ ತೊಟ್ಟು, ಬೆಟ್ಟದ ತುದಿ ನೋಡುವವರಂತೆ ಒಮ್ಮೆ ತಲೆ ಎತ್ತಿ. ಟೋಪಿ ಕದಲದಿದ್ದರೆ ದುಡ್ಡು ಕೊಡಿ. ಉಳಿದ ದುಡ್ಡಿನಲ್ಲಿ ಇನ್ನೊಂದು ನೀರಿನ ಬಾಟಲಿ ಕೊಳ್ಳಿ.